ಯಾರ ಹಾಗೆ?

ದುಭಾಷಿಗೆ ಮೊದಲು ಕಲಿಸುವ ಪಾಠ ಇದು:
ಸಾಕ್ಷಿ ‘ನಾನು’ ಅಂದರೆ ನೀನೂ ‘ನಾನು’ ಅನ್ನಬೇಕು.
‘ಅವಳು ಹೀಗನ್ನುತ್ತಾಳೆ’ ಅನ್ನಕೂಡದು.
ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಲಾಸ್ ಏಂಜಲಿಸ್ಸಿನಲ್ಲಿ
ನಾನು ಕದ್ದಿದ್ದೇನೆ, ಗಂಡನನ್ನು ಬಿಟ್ಟಿದ್ದೇನೆ,
ಕೆಂಪು ದೀಪ ದಾಟಿ ಮುದುಕನೊಬ್ಬನ ಕಾಲು ಮುರಿದಿದ್ದೇನೆ,
ಸಂಜೆ ಐದಕ್ಕೆ ಬಸ್ಸು ಹಿಡಿದು ಮನೆಗೆ ಹೋಗಿದ್ದೇನೆ.

ಆ ಮಂಗಳವಾರ, ಹದಿನಾರನೇ ಮಹಡಿಯ ವಕೀಲರ ಕೋಣೆಯಲ್ಲಿ,
ನಾನು ಲುಸ್ವಿಮಿಂಡ ಕಾಬಾಲೆಸ್.
ವಯಸ್ಸು ಐವತ್ತೊಂದು. ಕಸುಬು ಹಾಡುವುದು.
ಯಾರ ಹಾಡು?
ಎಲ್ಲರದ್ದೂ.

ಆರೋಪ ಇಷ್ಟೇ. ಡೆಲ್ಫೀನ್ ಓಕ್ಸ್ ಎಂಬ ದೊಡ್ಡ ಗಾಯಕಿ
ಒಲ್ಲೆ ಅಂದ ಹಾಡನ್ನು
ಹೋಟೆಲಿನ ಬಾರಿನಲ್ಲಿ ಹಾಡುತ್ತಿದ್ದ ಇವಳಿಂದ ಹಾಡಿಸಿದರು.
ಅದೇ ಉಸಿರು, ಅದೇ ತಳ ಹಿಡಿದ ಹಾಲಿನಂಥ ದನಿ.
ರೇಡಿಯೋದಲ್ಲಿ ಕೇಳಿ ಡೆಲ್ಫೀನಳ ಒಡಹುಟ್ಟಿದ ತಂಗಿ
ಫೋನು ಮಾಡಿದಳಂತೆ:
‘ಅಕ್ಕಾ, ಎಷ್ಟು ವರ್ಷಕ್ಕೆ ಇಷ್ಟು ಚೆನ್ನಾಗಿ ಹಾಡಿದೀಯ!’

ಧಾಟಿ ಕದ್ದರೆ ಸ್ವರ ಎಣಿಸಬಹುದು,
ಏಳೋ ಹನ್ನೊಂದೋ, ಹಾಳೆಯ ಮೇಲೆ ಹಾಳೆಯಿಟ್ಟು.
ಕೊರಳು ಕದ್ದರೆ ಎಣಿಸುವುದು ಏನನ್ನ?
ಇನ್ನೊಬ್ಬರ ಬಾಯಿಂದ ಬಂದದ್ದೆಲ್ಲ ಎಂಜಲೆಂದರೆ
ನಾನು ಉಣ್ಣುವ ಅನ್ನವೂ ಅದೇ.

ವಕೀಲೆ ಹಾಲೋರನ್ ಮೆತ್ತಗೆ ಕೇಳಿದಳು:
‘ಈಗ ದಯವಿಟ್ಟು ನಿಮ್ಮದೇ ಕಂಠದಲ್ಲಿ ಒಂದು ಸಾಲು.’
ಇಲೊಂಗೊ ಭಾಷೆಗೆ ತಿರುಗಿಸಿದೆ.
ದರ್ಜಿ ಗಿರಾಕಿಯನ್ನು ಅಳತೆ ಕೇಳುವಂತೆ
ಲುಸ್ವಿಮಿಂಡ ಕೇಳಿದಳು: ‘ಯಾರ ಹಾಗೆ?’
ನಾನೂ ಇಂಗ್ಲಿಷಿನಲ್ಲಿ ಕೇಳಿದೆ: ‘ಯಾರ ಹಾಗೆ?’
ಟೈಪು ಮಾಡುತ್ತಿದ್ದವನ ಬೆರಳು ನಿಂತವು.

ಆಮೇಲೆ ಅವಳು ಹೇಳಿದ್ದು, ಅಂದರೆ ನಾನು ಹೇಳಿದ್ದು:
ಹದಿನೇಳಕ್ಕೆ ಓಲೊಂಗಾಪೊಗೆ ಬಂದೆ. ಹಡಗು ಬಂದ ರಾತ್ರಿ
ನಾವಿಕರು ತಮ್ಮೂರನ್ನು ಕೇಳುತ್ತಿದ್ದರು, ನನ್ನನ್ನಲ್ಲ.
ಇಂಗ್ಲಿಷು ಬರುತ್ತಿರಲಿಲ್ಲ. ಡೆಲ್ಫೀನಳದೊಂದು ಕ್ಯಾಸೆಟ್ಟು,
ಆರು ಹುಡುಗಿಯರಿಗೆ ಒಂದೇ.
ಬ್ಯಾಟರಿ ಮುಗಿದರೆ ತಗಡಿನ ಮೇಲೆ ಬಿಸಿಲಿಗಿಟ್ಟು
ಇನ್ನೆರಡು ಹಾಡು ಹಿಂಡುತ್ತಿದ್ದೆವು.
ಅರ್ಥವೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಾಯಿಪಾಠ.

‘ಎರಡನೇ ಸಾಲಿನ ಕೊನೆಗೆ’ ಅಂದಳು ಹಾಲೋರನ್,
‘ದನಿ ಜಾರಿ ಬಾಗುತ್ತದಲ್ಲ,
ಅದು ನನ್ನ ಕಕ್ಷಿದಾರಳ ರುಜು.’
ಸಾಬೀತಿಗೆಂದು ಹಳೆಯ ರೆಕಾರ್ಡು ಹಾಕಿಸಿದಳು.
ಇಪ್ಪತ್ತಾರರ ಡೆಲ್ಫೀನ್ ಆ ಸಾಲಿನ ಕೊನೆಯ ತನಕ
ನೆಟ್ಟಗೆ ನಡೆದುಹೋದಳು.
ಇನ್ನೊಮ್ಮೆ ಹಾಕಿಸಿದಳು. ನೆಟ್ಟಗೆ.
‘ಬ್ಯಾಟರಿ’ ಅಂದಳು ಲುಸ್ವಿಮಿಂಡ,
ಅನುವಾದ ಬೇಡದ ಪದ,
‘ಬ್ಯಾಟರಿ ಸಾಯುತ್ತಿತ್ತು.’

ಮೇಜಿನ ತುದಿಯಲ್ಲಿ ಅಷ್ಟು ಹೊತ್ತು ಸುಮ್ಮನಿದ್ದ ಡೆಲ್ಫೀನ್,
ಅರವತ್ತರ ಹೆಂಗಸು, ಕಪ್ಪು ಕನ್ನಡಕ ತೆಗೆದು
ತನ್ನ ವಕೀಲೆಗಷ್ಟೇ ಕೇಳುವ ಹಾಗೆ ಅಂದಳು:
‘ಆ ಬಾಗು ನನಗೂ ಹಿಡಿಸಿತು.
ಜೂನಿನಿಂದ ನಾನೂ ಹಾಗೇ ಹಾಡುತ್ತಿದ್ದೇನೆ.’
ಇದನ್ನು ತಿರುಗಿಸು ಅಂತ ನನಗೆ ಯಾರೂ ಹೇಳಲಿಲ್ಲ.
ನಾನೂ ತಿರುಗಿಸಲಿಲ್ಲ.

ರಾಜಿಯಾಯಿತು. ಮೊತ್ತ ಗುಟ್ಟು.
ಕೆಳಗಿಳಿಯುವ ಲಿಫ್ಟಿನಲ್ಲಿ ನಾವಿಬ್ಬರೇ.
ಒಂಬತ್ತನೇ ಮಹಡಿ ದಾಟುವಾಗ ನನ್ನ ಪಕ್ಕದಿಂದ ನನ್ನದೇ ದನಿ ಬಂತು:
‘ದಯವಿಟ್ಟು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ.’
ನನ್ನ ಮೂಗು, ನನ್ನ ನಿಧಾನ,
ಮಾತು ಮುಗಿಯುವಲ್ಲಿ ಕ್ಷಮೆ ಕೇಳಿದಂಥ ಒಂದು ಸಣ್ಣ ಕುಸಿತ.

ನಕ್ಕೆ. ‘ಕೊನೆಯಲ್ಲಿ ಅದೇನೋ ಸೇರಿಸಿದೆಯಲ್ಲ,
ಅದು ನನ್ನದಲ್ಲ’ ಅಂದೆ.

ಅವಳು ಕೈಚೀಲದಲ್ಲಿ ಬಸ್ಸಿನ ಚಿಲ್ಲರೆ ಹುಡುಕುತ್ತಾ ಅಂದಳು,
ಅದು ಯಾರ ದನಿಯೋ ನನಗೆ ಗೊತ್ತಾಗಲಿಲ್ಲ:
‘ನಾನು ಏನನ್ನೂ ಸೇರಿಸುವುದಿಲ್ಲ.’